ಕೈಯ ಗುರುತು

ಆಶಯ: ಮನುಷ್ಯನು ಮಾಡಿದ ವಸ್ತು ಮನುಷ್ಯನನ್ನು ಕುರಿತು ಏನನ್ನು ಹೇಳುತ್ತದೆ? ಕಸೂತಿ, ಬಿದರಿ, ಶಿಲ್ಪ, ರಂಗೋಲಿ ಮುಂತಾದ ಕೈಗೆಲಸಗಳನ್ನು ಬಹುಕಾಲ ನೋಡುತ್ತ ಬಂದ ಚಿತ್ರಕಾರನೊಬ್ಬನು ಅವುಗಳಲ್ಲಿ ಕಂಡ ಮಾನವ ಸ್ವಭಾವವನ್ನು ಈ ಪ್ರಬಂಧದಲ್ಲಿ ನಿರೂಪಿಸಿದ್ದಾನೆ.

ಮಾನವನು ಅಕ್ಷರವನ್ನು ಕಂಡುಕೊಳ್ಳುವುದಕ್ಕೆ ಬಹು ಮೊದಲೇ ತನ್ನ ಕೈಯ ಗುರುತನ್ನು ಕಲ್ಲಿನ ಮೇಲೆ ಬಿಟ್ಟುಹೋಗಿದ್ದಾನೆ. ಇಂಡೋನೇಷ್ಯಕ್ಕೆ ಸೇರಿದ ಸುಲಾವೇಸಿ ದ್ವೀಪದ ಗುಹೆಯೊಂದರಲ್ಲಿ ಅಂಥದೊಂದು ಗುರುತಿದೆ. ಯಾರೋ ಒಬ್ಬರು ತಮ್ಮ ಅಂಗೈಯನ್ನು ಬಂಡೆಗೆ ಒತ್ತಿ ಹಿಡಿದು, ಅದರ ಸುತ್ತ ಕೆಮ್ಮಣ್ಣಿನ ಬಣ್ಣವನ್ನು ಸಿಂಪಡಿಸಿದ್ದಾರೆ. ಕೈಯನ್ನು ತೆಗೆದಾಗ ಬಣ್ಣ ತಾಗದೆ ಉಳಿದ ಜಾಗವೇ ಕೈಯ ಆಕೃತಿಯಾಗಿ ನಿಂತಿದೆ. ಆ ಗುರುತಿನ ಮೇಲೆ ಬೆಳೆದ ಸುಣ್ಣದ ಪದರವನ್ನು ಪರೀಕ್ಷಿಸಿ, ಅದು ಕನಿಷ್ಠ 39,900 ವರ್ಷಗಳಷ್ಟು ಹಳೆಯದೆಂದು ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದರು. ಭೂಮಿಯ ಮತ್ತೊಂದು ಅಂಚಿನಲ್ಲಿ, ಅರ್ಜೆಂಟೀನ ದೇಶದಲ್ಲಿ, ಕೈಗಳ ಗುಹೆಯೆಂದೇ ಹೆಸರಾದ ಗವಿಯೊಂದಿದೆ. ಅಲ್ಲಿ ಬಂಡೆಯ ತುಂಬ ನೂರಾರು ಕೈಗಳು. ಅವುಗಳಲ್ಲಿ ಹೆಚ್ಚಿನವು ಎಡಗೈಗಳು. ಬಣ್ಣವನ್ನು ಊದುವ ಕೊಳವೆ ಬಲಗೈಯಲ್ಲಿದ್ದುದರಿಂದ ಬಂಡೆಗೆ ಇಡಲು ಎಡಗೈ ಮಾತ್ರ ಬಿಡುವಾಗಿದ್ದಿತೆಂದು ಊಹಿಸಲಾಗಿದೆ.

ಈ ಎರಡು ನಾಡುಗಳ ಜನರು ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಆದರೂ ಇಬ್ಬರಿಗೂ ತೋಚಿದ್ದು ಒಂದೇ. ಆ ಕೈಯಿಂದ ಬೇಟೆ ದೊರೆಯಲಿಲ್ಲ, ಚಳಿ ತಗ್ಗಲಿಲ್ಲ. ಹೊಟ್ಟೆಗೂ ಬಟ್ಟೆಗೂ ಒದಗದ ಈ ಕೆಲಸವನ್ನು ಅವರು ಏಕೆ ಮಾಡಿದರು? ಬಣ್ಣ ಕುಂಚಗಳ ಸಹವಾಸದಲ್ಲಿಯೇ ಬಾಳನ್ನು ಕಳೆದ ನನಗೆ ಈ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಪಂಡಿತರು ಇದಕ್ಕೆ ಹಲವು ಉತ್ತರಗಳನ್ನು ಕೊಟ್ಟಿದ್ದಾರೆ. ನನಗೆ ತೋರುವುದು ಇಷ್ಟು: ತಾನು ಇಲ್ಲಿ ಇದ್ದೆನೆಂಬುದನ್ನು ಇನ್ನೊಬ್ಬರು ಅರಿಯಬೇಕೆಂಬ ಬಯಕೆ ಮನುಷ್ಯನಿಗೆ ಹುಟ್ಟಿನಿಂದಲೇ ಬಂದುದು. ಆ ಬಯಕೆಯೇ ಮುಂದೆ ಕಲೆಯಾಯಿತು.

ಹಾಗಾದರೆ ಮನುಷ್ಯನು ಮಾಡಿದ ವಸ್ತುವಿನಿಂದ ಮನುಷ್ಯನನ್ನು ಅರಿಯಬಹುದೆ? ಮಾತಿನಿಂದ ಅರಿಯುವುದು ಕಷ್ಟ. ನಾಲಗೆಗೆ ಅಭ್ಯಾಸವಾದರೆ ಅದು ಮನಸ್ಸಿನಲ್ಲಿಲ್ಲದುದನ್ನೂ ಸೊಗಸಾಗಿ ಹೇಳಬಲ್ಲುದು. ಕೈಗೆ ಆ ಚಾತುರ್ಯ ಅಷ್ಟಾಗಿ ಇಲ್ಲ. ಬೇಸರದಿಂದ ಎಳೆದ ಗೆರೆಯಲ್ಲಿ ಬೇಸರವೂ, ಆತುರದಿಂದ ಕೊರೆದ ಕಲ್ಲಿನಲ್ಲಿ ಆತುರವೂ ಉಳಿದುಬಿಡುತ್ತವೆ. ಆದುದರಿಂದ ನಮ್ಮ ನಾಡಿನ ಕೆಲವು ಕೈಗೆಲಸಗಳನ್ನು ಎದುರಿಗಿಟ್ಟುಕೊಂಡು, ಅವುಗಳನ್ನು ಮಾಡಿದವರ ಮನಸ್ಸನ್ನು ನೋಡಲು ಯತ್ನಿಸೋಣ.

ಮೊದಲು ಕಸೂತಿಯನ್ನು ತೆಗೆದುಕೊಳ್ಳೋಣ. ಧಾರವಾಡದ ಸುತ್ತಮುತ್ತಲಿನ ಹೆಣ್ಣುಮಕ್ಕಳು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಸೂಜಿಯ ಕಲೆ ಇದು. ಇಳಕಲ್ಲಿನ ಸೀರೆಯ ಮೇಲೆ, ಕುಪ್ಪಸದ ಕಣದ ಮೇಲೆ, ಮಕ್ಕಳ ಕುಲಾವಿಯ ಮೇಲೆ ಅವರು ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು, ತೊಟ್ಟಿಲುಗಳನ್ನು ಮೂಡಿಸುತ್ತಾರೆ. ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿ ಇಲ್ಲ. ನೆಯ್ಗೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ ಸೂಜಿಯನ್ನು ಚುಚ್ಚಬೇಕು. ಲೆಕ್ಕದಲ್ಲಿ ಒಂದೆಳೆ ತಪ್ಪಿದರೂ ಗೋಪುರದ ಎರಡು ಬದಿಗಳು ತುದಿಯಲ್ಲಿ ಕೂಡುವುದಿಲ್ಲ.

ಕಸೂತಿಯಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂತ್ಯೆ ಎಂದು ನಾಲ್ಕು ಬಗೆಯ ಹೊಲಿಗೆಗಳಿವೆ. ಅವುಗಳಲ್ಲಿ ಗವಂತಿಯ ರೀತಿ ವಿಶೇಷವಾದುದು. ಸೂಜಿ ಮುಂದಕ್ಕೆ ಸಾಗುವಾಗ ಒಂದು ಹೊಲಿಗೆ ಬಟ್ಟೆಯ ಮೇಲೆ, ಒಂದು ಹೊಲಿಗೆ ಕೆಳಗೆ ಬೀಳುತ್ತದೆ. ಆಗ ಚಿತ್ರದ ಅರ್ಧ ಭಾಗ ಮಾತ್ರ ಕಾಣುತ್ತದೆ. ಅದೇ ದಾರಿಯಲ್ಲಿ ಸೂಜಿ ಹಿಂದಿರುಗಿ ಬರುವಾಗ ಬಿಟ್ಟುಹೋದ ಎಡೆಗಳೆಲ್ಲ ತುಂಬಿಕೊಳ್ಳುತ್ತವೆ. ದಾರಕ್ಕೆ ಗಂಟು ಹಾಕುವಂತಿಲ್ಲ. ಅದರ ತುದಿಯನ್ನು ಹೊಲಿಗೆಯೊಳಗೇ ಅಡಗಿಸಬೇಕು. ಹೀಗೆ ಮುಗಿದ ಕೆಲಸದಲ್ಲಿ ಬಟ್ಟೆಯ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳುವುದು ಕಷ್ಟ. ಮುರಗಿಯಲ್ಲಿಯೂ ಹೀಗೆಯೇ.

ಈ ಹೊಲಿಗೆಯನ್ನು ನೋಡಿದಾಗಲೆಲ್ಲ ನನಗೆ ಒಂದು ವಿಚಾರ ತೋರುತ್ತದೆ. ಬಟ್ಟೆಯ ಒಳಬದಿಯನ್ನು ನೋಡುವವರು ಯಾರು? ಊರವರು ನೋಡುವುದು ಹೊರಬದಿಯನ್ನು; ಒಳಬದಿ ಉಟ್ಟವಳ ಮೈಗೆ ಮಾತ್ರ ತಾಗುವಂಥದು. ಆದರೂ ಆ ಹೆಣ್ಣುಮಗಳು ಕಾಣುವ ಬದಿಗೆ ಕೊಟ್ಟಷ್ಟೇ ಗಮನವನ್ನು ಕಾಣದ ಬದಿಗೂ ಕೊಟ್ಟಿದ್ದಾಳೆ. ಮನುಷ್ಯರಾದ ನಮಗೂ ಎರಡು ಬದಿಗಳಿವೆ. ನಾಲ್ಕು ಜನರ ಎದುರಿಗೆ ತೋರುವುದೊಂದು, ಮನೆಯ ಬಾಗಿಲು ಮುಚ್ಚಿದ ಮೇಲೆ ಇರುವುದೊಂದು. ಮೊದಲನೆಯದನ್ನು ಅಂದಗೊಳಿಸುವುದಕ್ಕೆ ನಾವು ಪಡುವ ಶ್ರಮದಲ್ಲಿ ಸ್ವಲ್ಪ ಭಾಗವನ್ನಾದರೂ ಎರಡನೆಯದಕ್ಕೆ ಕೊಡುತ್ತೇವೆಯೆ?

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಕಸೂತಿಯ ನಾಲ್ಕು ಹೊಲಿಗೆಗಳೂ ಎರಡು ಬದಿಗಳಲ್ಲಿ ಒಂದೇ ಆಗಿ ಕಾಣುವುದಿಲ್ಲ. ನೇಯ್ಗಿ, ಮೆಂತ್ಯೆಗಳ ಹಿಂಬದಿ ಬೇರೆಯಾಗಿಯೇ ಇರುತ್ತದೆ. ಬಾಳು ಕೂಡ ಹಾಗೆಯೇ. ಮನಸ್ಸಿನಲ್ಲಿರುವುದನ್ನೆಲ್ಲ ಹೊರಗೆ ಹರಡುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಒಳಬದಿ ಹೊರಬದಿಗಿಂತ ಬೇರೆಯಾಗಿರಬಹುದು. ಆದರೆ ಅದನ್ನು ತಿರುವಿ ನೋಡಿದವರ ಮುಂದೆ ತಲೆ ತಗ್ಗಿಸುವಂತೆ ಇರಬಾರದು. ಶಾಲೆಯ ಮೆಟ್ಟಿಲನ್ನೇ ಹತ್ತದ ಎಷ್ಟೋ ಅಜ್ಜಿಯರು ಈ ಪಾಠವನ್ನು ಮಾತಿಲ್ಲದೆ, ಸೂಜಿಯ ತುದಿಯಿಂದಲೇ ಮೊಮ್ಮಕ್ಕಳಿಗೆ ಕಲಿಸಿದ್ದಾರೆ.

ಇನ್ನು ಬೀದರಿನ ಕಡೆಗೆ ಹೋಗೋಣ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ತಮ್ಮ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಬದಲಾಯಿಸಿದರು. ಅವರ ಆಶ್ರಯದಲ್ಲಿ ಬೆಳೆದ ಲೋಹದ ಕಲೆಗೆ ಊರಿನ ಹೆಸರೇ ಅಂಟಿ ಅದು ಬಿದರಿಯಾಯಿತು. ಇರಾನಿನ ಕಡೆಯಿಂದ ಬಂದ ಕುಶಲಕರ್ಮಿಗಳು ಇದನ್ನು ತಂದರೆಂಬ ಐತಿಹ್ಯವಿದೆ. ತಂದವರು ಯಾರೇ ಆಗಿರಲಿ, ಅದು ಬೇರೂರಿದ್ದು ಇಲ್ಲಿಯ ಮಣ್ಣಿನಲ್ಲಿ. ಈ ಮಾತು ಕೇವಲ ಅಲಂಕಾರದ್ದಲ್ಲವೆಂಬುದು ಅದನ್ನು ಮಾಡುವ ವಿಧಾನವನ್ನು ತಿಳಿದಾಗ ಗೊತ್ತಾಗುತ್ತದೆ.

ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರವನ್ನು ಕೂಡಿಸಿ ಕರಗಿಸುತ್ತಾರೆ. ಜರಡಿ ಹಿಡಿದ ಮಣ್ಣಿಗೆ ರಾಳ, ಹರಳೆಣ್ಣೆಗಳನ್ನು ಬೆರೆಸಿ ಮಾಡಿದ ಅಚ್ಚಿನಲ್ಲಿ ಆ ಲೋಹವನ್ನು ಎರೆದು ಹೂಜಿಯನ್ನೋ ತಟ್ಟೆಯನ್ನೋ ಪಡೆಯುತ್ತಾರೆ. ಅದನ್ನು ಅರದಿಂದ ಉಜ್ಜಿ ನಯಗೊಳಿಸಿ, ಮೈಲುತುತ್ತದ ನೀರನ್ನು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಆ ಕಪ್ಪಿನ ಮೇಲೆ ಚೂಪಾದ ಕಡ್ಡಿಯಿಂದ ಬಳ್ಳಿ, ಹೂವು, ಎಲೆಗಳ ವಿನ್ಯಾಸವನ್ನು ಬರಿಗೈಯಲ್ಲಿಯೇ ಬರೆಯುತ್ತಾರೆ. ಬರೆದ ಗೆರೆಗಳನ್ನು ಸಣ್ಣ ಉಳಿಯಿಂದ ಕೊರೆದು, ಆ ಸೀಳಿನಲ್ಲಿ ಬೆಳ್ಳಿಯ ತಂತಿಯನ್ನೋ ತಗಡಿನ ಚೂರನ್ನೋ ಇಟ್ಟು ಸುತ್ತಿಗೆಯಿಂದ ಮೃದುವಾಗಿ ಬಡಿದು ಕೂಡಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಈಗ ಹಿಂದಿನ ಕಪ್ಪೆಲ್ಲ ಹೋಗಿ ಪಾತ್ರೆಯ ಮೈಯೆಲ್ಲ ಬೂದುಬಿಳುಪಾಗುತ್ತದೆ. ಬೆಳ್ಳಿ ಯಾವುದು, ಸತುವು ಯಾವುದು ಎಂದು ಸುಲಭವಾಗಿ ತಿಳಿಯುವುದಿಲ್ಲ. ದಿನಗಟ್ಟಲೆ ಕಣ್ಣು ಕೀಲಿಸಿ ಮಾಡಿದ ಕೆಲಸ ಕಣ್ಣಿಗೇ ಕಾಣದಂತಾಗಿರುತ್ತದೆ.

ಕೊನೆಯ ಹಂತ ಬೀದರಿನ ಕೋಟೆಯ ಮಣ್ಣಿನದು. ಕೋಟೆಯ ಹಳೆಯ ಭಾಗಗಳಲ್ಲಿ, ಬಹುಕಾಲದಿಂದ ಬಿಸಿಲು ಮಳೆ ಸೋಂಕದ ಎಡೆಯಿಂದ ಆ ಮಣ್ಣನ್ನು ತರುತ್ತಾರೆ. ಅನುಭವವುಳ್ಳ ಕುಶಲಕರ್ಮಿ ಅದನ್ನು ನಾಲಗೆಯ ಮೇಲೆ ಇಟ್ಟು ರುಚಿಯಿಂದಲೇ ಅದರ ಗುಣವನ್ನು ನಿರ್ಣಯಿಸುತ್ತಾನೆ. ಆ ಮಣ್ಣಿಗೆ ನವಸಾಗರವನ್ನು ಬೆರೆಸಿದ ನೀರನ್ನು ಬಿಸಿಯಾದ ಪಾತ್ರೆಗೆ ಸವರಿದಾಗ ಸತುವಿನ ಮಿಶ್ರಲೋಹ ಕಡುಗಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗುವುದಿಲ್ಲ. ಅಷ್ಟು ಹೊತ್ತು ಅಡಗಿದ್ದ ಬಳ್ಳಿಯೂ ಹೂವೂ ಆ ಕಪ್ಪಿನ ನಡುವೆ ಒಮ್ಮೆಲೇ ಬೆಳಗುತ್ತವೆ. ಆ ಮೇಲೆ ಎಣ್ಣೆಯನ್ನು ಸವರಿ ಕಪ್ಪಿಗೆ ಹೊಳಪು ಕೊಡುತ್ತಾರೆ.

ಇಲ್ಲಿ ಎರಡು ಸಂಗತಿಗಳನ್ನು ನಾವು ಗಮನಿಸಬೇಕು. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿ. ಆದರೆ ಪರಿಣಾಮ ಎರಡು ಬಗೆ. ಮನುಷ್ಯರಿಗೆ ಕಷ್ಟ ಬಂದಾಗಲೂ ಹೀಗೆಯೇ ಆಗುತ್ತದೆ. ಒಂದೇ ಬರಗಾಲದಲ್ಲಿ ಒಬ್ಬನು ನೆರೆಯವನ ಕಣಜಕ್ಕೆ ಕನ್ನ ಹಾಕುತ್ತಾನೆ. ಇನ್ನೊಬ್ಬನು ತನ್ನ ಮುದ್ದೆಯಲ್ಲಿ ಅರ್ಧವನ್ನು ಮುರಿದು ನೆರೆಯವನಿಗೆ ಕೊಡುತ್ತಾನೆ. ಎಲ್ಲವೂ ಸುಖವಾಗಿದ್ದ ಕಾಲದಲ್ಲಿ ಇಬ್ಬರೂ ಒಂದೇ ಬಣ್ಣದವರಾಗಿ ಕಂಡಿದ್ದರು. ಒಬ್ಬ ವ್ಯಕ್ತಿಯ ಒಳಗೂ ಈ ಎರಡು ಲೋಹಗಳು ಇರುತ್ತವೆ. ಯಾವುದು ಎಷ್ಟಿದೆಯೆಂಬುದು ಪರೀಕ್ಷೆಯ ಹೊತ್ತಿನಲ್ಲಿ ಅವನಿಗೂ ತಿಳಿಯುತ್ತದೆ.

ಎರಡನೆಯ ಸಂಗತಿ ಇದಕ್ಕಿಂತ ಸೂಕ್ಷ್ಮವಾದುದು. ಬಿದರಿಯಲ್ಲಿ ಕಪ್ಪು ಕೀಳು, ಬೆಳ್ಳಿ ಮೇಲು ಎಂದು ಯಾರೂ ಹೇಳುವಂತಿಲ್ಲ. ಕಪ್ಪಿಲ್ಲದಿದ್ದರೆ ಬೆಳ್ಳಿ ಕಾಣುತ್ತಲೇ ಇರಲಿಲ್ಲ. ಮನುಷ್ಯನ ಚಿತ್ರವನ್ನು ಬರೆಯುವವನಿಗೆ ಈ ತಿಳಿವಳಿಕೆ ಅವಶ್ಯ. ನೆರಳೇ ಇಲ್ಲದ ಮುಖವನ್ನು ಬರೆದರೆ ಅದು ಗೋಡೆಗೆ ಅಂಟಿಸಿದ ಕಾಗದದಂತಿರುತ್ತದೆಯೇ ಹೊರತು ಮುಖದಂತಿರುವುದಿಲ್ಲ. ಮಹಾಪುರುಷರ ಚರಿತ್ರೆಯನ್ನು ಓದುವಾಗಲೂ ಅವರ ದೌರ್ಬಲ್ಯಗಳ ಅರಿವಿನಿಂದ ಅವರ ಮೇಲಣ ಗೌರವ ಕುಂದಬೇಕಾಗಿಲ್ಲ. ಆ ದೌರ್ಬಲ್ಯಗಳ ನಡುವೆಯೇ ಅವರು ಅಷ್ಟನ್ನು ಸಾಧಿಸಿದರೆಂಬುದನ್ನು ನಾವು ಕಾಣಬೇಕು.

ಬಿದರಿಯ ಒಂದು ಪಾತ್ರೆ ಒಬ್ಬನೇ ಮಾಡಿದ್ದಲ್ಲ. ಎರಕ ಹೊಯ್ಯುವವನು, ವಿನ್ಯಾಸ ಬರೆಯುವವನು, ಕೊರೆಯುವವನು, ಬೆಳ್ಳಿ ಕೂಡಿಸುವವನು, ಉಜ್ಜಿ ಹೊಳಪು ಕೊಡುವವನು ಹೀಗೆ ಹಲವರ ಕೈ ಅದರಲ್ಲಿದೆ. ಅವರಲ್ಲಿ ಬಹುಮಂದಿಯ ಹೆಸರು ಯಾವ ಪುಸ್ತಕದಲ್ಲಿಯೂ ಇಲ್ಲ. ಬಿದರಿ ಕಲಾವಿದರಾದ ಶಾ ರಶೀದ್ ಅಹಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆತಾಗ, ಹೆಸರಿಲ್ಲದ ಆ ಅನೇಕರಿಗೂ ಅದರಲ್ಲಿ ಪಾಲು ಸಂದಂತಾಯಿತು.

ಹೆಸರಿನ ಮಾತು ಬಂದಾಗ ಬೇಲೂರು ನೆನಪಾಗುವುದು ಸಹಜ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯ ಅಲ್ಲಿದೆ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು. ಇವುಗಳನ್ನು ಕಟ್ಟಿರುವುದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದ ಹೊಸದರಲ್ಲಿ ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಆಭರಣದ ಸಣ್ಣ ಮಣಿಯನ್ನೂ ಬಿಡಿಸಿ ತೋರಿಸಲು ಶಿಲ್ಪಿಗೆ ಸಾಧ್ಯವಾದದ್ದು ಇದರಿಂದಲೇ. ಎಳೆಯ ವಯಸ್ಸಿನಲ್ಲಿ ಕೊರೆದ ಗೆರೆ ದೊಡ್ಡವರಾದ ಮೇಲೆ ಅಳಿಯುವುದಿಲ್ಲವೆಂಬುದನ್ನು ಮಕ್ಕಳಿಗೆ ಕಲಿಸುವವರು ಈ ಕಲ್ಲಿನಿಂದ ತಿಳಿಯಬಹುದು.

ಹೊಯ್ಸಳ ಶಿಲ್ಪಿಗಳು ಬೇರೆ ಹಲವು ನಾಡುಗಳ ಶಿಲ್ಪಿಗಳಂತೆ ಮರೆಯಲ್ಲಿ ಉಳಿಯಲಿಲ್ಲ. ತಾವು ಕಡೆದ ವಿಗ್ರಹಗಳ ಪೀಠದ ಮೇಲೆ ತಮ್ಮ ಹೆಸರನ್ನು ಕೊರೆದರು. ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಬೇಲೂರಿನ ಮದನಿಕೆಯರ ಅಡಿಯಲ್ಲಿವೆ. ಕೆಲವರು ಹೆಸರಿನೊಡನೆ ಊರು, ತಂದೆಯ ಹೆಸರು, ಎದುರಾಳಿಗಳನ್ನು ಬೆದರಿಸುವಂಥ ಬಿರುದುಗಳನ್ನೂ ಬರೆದುಕೊಂಡಿದ್ದಾರೆ. 1258ರ ಸೋಮನಾಥಪುರದ ದೇವಾಲಯದಲ್ಲಿ ಬಹಳಷ್ಟು ಶಿಲ್ಪಗಳನ್ನು ಕಡೆದ ಮಲ್ಲಿತಮ್ಮನಾದರೋ ಕೆಲವು ಕಡೆ ‘ಮಲ್ಲಿ’ ಎಂದಷ್ಟೇ ಬರೆದು ಸುಮ್ಮನಾಗಿದ್ದಾನೆ. ಗುಹೆಯ ಗೋಡೆಗೆ ಕೈಯೊತ್ತಿದ ಆದಿಮಾನವನ ಬಯಕೆಯೇ ಇಲ್ಲಿ ಅಕ್ಷರವಾಗಿದೆ. ಇದನ್ನು ಅಹಂಕಾರವೆಂದು ತೆಗೆದುಹಾಕುವುದು ಸರಿಯಲ್ಲ. ತನ್ನ ಹೆಸರನ್ನು ಬರೆದವನು ಕೆಲಸದ ಹೊಣೆಯನ್ನೂ ಹೊತ್ತುಕೊಂಡಿರುತ್ತಾನೆ. ಹೊಗಳಿಕೆ ಬಂದರೆ ಅವನಿಗೆ ಸಲ್ಲುವಂತೆ, ದೋಷ ಕಂಡರೆ ಅದೂ ಅವನಿಗೇ ಸಲ್ಲುತ್ತದೆ.

ಬೇಲೂರಿಗೆ ಸಂಬಂಧಿಸಿದ ಮತ್ತೊಂದು ಕಥೆ ನಮ್ಮಲ್ಲಿ ಮನೆಮಾತಾಗಿದೆ. ಜಕಣಾಚಾರಿ ಎಂಬ ಮಹಾಶಿಲ್ಪಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಎಲ್ಲಿಂದಲೋ ಬಂದ ಹುಡುಗನೊಬ್ಬನು ಹೇಳಿದನು. ದೋಷವಿದ್ದರೆ ತನ್ನ ಬಲಗೈಯನ್ನೇ ಕಡಿದುಕೊಳ್ಳುವೆನೆಂದು ಜಕಣಾಚಾರಿ ಪಣ ತೊಟ್ಟನು. ವಿಗ್ರಹಕ್ಕೆ ಗಂಧವನ್ನು ಬಳಿದಾಗ ಹೊಕ್ಕುಳಿನ ಬಳಿ ಮಾತ್ರ ಗಂಧ ಆರದೆ ಉಳಿಯಿತು. ಅಲ್ಲಿ ಉಳಿಯಿಂದ ಹೊಡೆದಾಗ ನೀರಿನೊಡನೆ ಕಪ್ಪೆಯೊಂದು ಹೊರಬಂದಿತು. ಶಿಲ್ಪಿ ಆಡಿದ ಮಾತಿನಂತೆ ಕೈಯನ್ನು ಕಡಿದುಕೊಂಡನು. ಆ ಹುಡುಗ ಡಂಕಣ ತನ್ನ ಮಗನೇ ಎಂಬುದು ಆ ಮೇಲೆ ತಿಳಿಯಿತು. ತಂದೆ ಮಕ್ಕಳು ಊರಿಗೆ ಹಿಂದಿರುಗಿ ದೇವಾಲಯವನ್ನು ಕಟ್ಟಿದರು. ಕೈ ಮರಳಿ ಬಂದುದರಿಂದ ಆ ಊರು ಕೈದಾಳವಾಯಿತು ಎಂದು ಕಥೆ ಹೇಳುತ್ತದೆ. ತುಮಕೂರಿನ ಬಳಿ ಕೈದಾಳ ಎಂಬ ಊರು ಇದೆ.

ಇದು ಶಾಸನಗಳಿಂದ ಸಿದ್ಧವಾದ ಇತಿಹಾಸವಲ್ಲ. ಜನರು ಕಟ್ಟಿದ ಐತಿಹ್ಯ. ಆದರೆ ಮನುಷ್ಯ ಸ್ವಭಾವವನ್ನು ತಿಳಿಯಲು ಐತಿಹ್ಯವೂ ಒಂದು ದಾರಿ. ಶಾಸನದಲ್ಲಿ ಬರುವ ದಾಸೋಜ ಮತ್ತು ಚಾವಣರೂ ತಂದೆ ಮಕ್ಕಳೇ. ಅವರು ಒಂದೇ ಗುಡಿಯಲ್ಲಿ ಕೆಲಸ ಮಾಡಿದರು. ಇಬ್ಬರ ಹೆಸರೂ ಅಲ್ಲಿ ಉಳಿದಿದೆ. ಐತಿಹ್ಯದ ತಂದೆ ಮಕ್ಕಳಾದರೋ ಒಬ್ಬರನ್ನೊಬ್ಬರು ಅರಿಯದೆ ಎದುರಾಳಿಗಳಾದರು. ಹಿರಿಯನ ಕಣ್ಣಿಗೆ ಕಾಣದ ದೋಷ ಕಿರಿಯನಿಗೆ ಕಂಡೀತೆಂಬುದನ್ನು ಒಪ್ಪಿಕೊಳ್ಳುವುದು ಹಿರಿಯನಿಗೆ ಎಷ್ಟು ಕಠಿಣವೆಂಬುದನ್ನು ಈ ಕಥೆ ಮರುಕದಿಂದ ಚಿತ್ರಿಸುತ್ತದೆ. ಜಕಣಾಚಾರಿ ಸತ್ಯಕ್ಕೆ ತಲೆಬಾಗಿದನು. ಅದು ಅವನ ಹಿರಿಮೆ. ಆದರೆ ಕೈಯನ್ನು ಪಣಕ್ಕಿಟ್ಟದ್ದು ಸತ್ಯದ ಮೇಲಣ ಪ್ರೀತಿಯಿಂದಲ್ಲ, ತನ್ನ ಕೌಶಲದ ಮೇಲಣ ಅಭಿಮಾನದಿಂದ.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವವರು ಆ ಇಬ್ಬರು ಶಿಲ್ಪಿಗಳಲ್ಲ, ಕಥೆಯನ್ನು ಹೇಳುತ್ತ ಬಂದ ಜನ. ಕಪ್ಪೆ ಹೊರಬಂದ ವಿಗ್ರಹವೆಂದು ಅವರು ಅದನ್ನು ಒಡೆದು ಹಾಕಲಿಲ್ಲ. ಕಪ್ಪೆ ಚೆನ್ನಿಗರಾಯನೆಂದು ಹೆಸರಿಟ್ಟು ಕೈಮುಗಿದರು. ಆ ಹೆಸರಿನ ಗುಡಿ ಬೇಲೂರಿನ ದೇವಾಲಯದ ಪ್ರಾಕಾರದಲ್ಲಿ ಇಂದಿಗೂ ಇದೆ. ಕಲಾವಿದನು ಕ್ಷಮಿಸಲಾರದ ದೋಷವನ್ನು ಜನರು ಕ್ಷಮಿಸಿದರು. ಕ್ಷಮಿಸಿದ್ದಷ್ಟೇ ಅಲ್ಲ, ದೋಷದ ಹೆಸರಿನಿಂದಲೇ ದೇವರನ್ನು ಕರೆದರು. ಪರಿಪೂರ್ಣತೆಗಾಗಿ ಹಂಬಲಿಸುವುದು ಮಾನವ ಸ್ವಭಾವ. ಅಪೂರ್ಣವಾದುದನ್ನು ಪ್ರೀತಿಸುವುದೂ ಮಾನವ ಸ್ವಭಾವ. ಇವೆರಡರಲ್ಲಿ ಒಂದನ್ನು ಬಿಟ್ಟರೂ ಬಾಳು ಒರಟಾಗುತ್ತದೆ.

ಹೆಸರಿನ ಹಂಬಲಕ್ಕೆ ನೇರ ಎದುರಾದ ಕಲೆಯೊಂದು ನಮ್ಮ ಮನೆಗಳ ಬಾಗಿಲಲ್ಲಿಯೇ ಇದೆ. ಬೆಳಗಿನ ಜಾವ ಅಂಗಳವನ್ನು ಸಾರಿಸಿ, ಚುಕ್ಕಿಗಳನ್ನಿಟ್ಟು, ಎರಡು ಬೆರಳ ನಡುವಿನಿಂದ ಪುಡಿಯನ್ನು ಬಿಡುತ್ತ ಗೃಹಿಣಿಯು ರಂಗೋಲಿಯನ್ನು ಹಾಕುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಅದು ಮಕ್ಕಳ ಕಾಲಿಗೆ, ಗಾಳಿಗೆ, ದನಕರುಗಳ ಗೊರಸಿಗೆ ಸಿಕ್ಕಿ ಅಳಿಸಿಹೋಗುತ್ತದೆ. ಅವಳು ಅದಕ್ಕಾಗಿ ಕೊರಗುವುದಿಲ್ಲ. ಮರುದಿನ ಮತ್ತೆ ಬರೆಯುತ್ತಾಳೆ. ಅಳಿಯುವುದೆಂದು ತಿಳಿದೂ ಚುಕ್ಕಿಗಳ ಸಾಲು ಸೊಟ್ಟಗಾಗದಂತೆ ನೋಡಿಕೊಳ್ಳುತ್ತಾಳೆ. ಹಬ್ಬದ ದಿನ ನೆರೆಮನೆಯ ರಂಗೋಲಿಗಿಂತ ತನ್ನದು ದೊಡ್ಡದಾಗಿರಲೆಂಬ ಸಣ್ಣ ಆಸೆ ಅವಳಿಗೂ ಇರಬಹುದು, ಅವಳೂ ಮನುಷ್ಯಳೇ. ಆದರೂ ಉಳಿಯಲೆಂದು ಮಾಡಿದ ಕೆಲಸ ಮಾತ್ರವೇ ಶ್ರದ್ಧೆಗೆ ಪಾತ್ರವಲ್ಲ, ಅಳಿಯಲಿರುವ ಕೆಲಸವೂ ಅಷ್ಟೇ ಶ್ರದ್ಧೆಗೆ ಪಾತ್ರವೆಂಬುದನ್ನು ಅವಳು ದಿನದಿನವೂ ತೋರಿಸಿಕೊಡುತ್ತಾಳೆ. ಅಡಿಗೆ ಮಾಡುವುದು, ರೋಗಿಯನ್ನು ಉಪಚರಿಸುವುದು, ಮಗುವನ್ನು ಮಲಗಿಸುವುದು ಇವೆಲ್ಲ ಈ ವರ್ಗಕ್ಕೆ ಸೇರಿದ ಕೆಲಸಗಳು. ಲೋಕ ನಡೆಯುತ್ತಿರುವುದು ಬಹುಮಟ್ಟಿಗೆ ಇವುಗಳಿಂದಲೇ.

ಈಗ ಒಂದು ಅಪ್ರಿಯವಾದ ಮಾತನ್ನು ಹೇಳಬೇಕಾಗಿದೆ. ಕೈಗೆಲಸದ ವಸ್ತುವನ್ನು ಕಂಡಾಗ ನಾವು ಬಾಯ್ತುಂಬ ಹೊಗಳುತ್ತೇವೆ. ಅದನ್ನು ಕೊಳ್ಳುವಾಗ ಮಾತ್ರ ಚೌಕಾಸಿಗೆ ನಿಲ್ಲುತ್ತೇವೆ. ಬೆಲೆ ಗೊತ್ತುಪಡಿಸಿದ ದೊಡ್ಡ ಅಂಗಡಿಯಲ್ಲಿ ತುಟಿ ಬಿಚ್ಚದೆ ಹಣ ಕೊಟ್ಟು ಬರುವವರೇ, ಸಂತೆಯಲ್ಲಿ ಬುಟ್ಟಿ ಹೆಣೆಯುವವಳೊಡನೆ ನಾಲ್ಕು ಕಾಸಿಗಾಗಿ ವಾದಿಸುತ್ತಾರೆ. ಕೃತಿಯನ್ನು ಪ್ರೀತಿಸಿ ಕರ್ತೃವನ್ನು ಮರೆಯುವುದು ಮನುಷ್ಯನ ಸ್ವಭಾವದಲ್ಲಿರುವ ಕೊರತೆ. ಕುಶಲಕರ್ಮಿಗಳ ಮಕ್ಕಳು ಆ ಕೆಲಸವನ್ನು ಬಿಟ್ಟು ಬೇರೆ ದಾರಿ ಹಿಡಿದರೆ ಅವರನ್ನು ದೂರುವ ಅಧಿಕಾರ ನಮಗಿಲ್ಲ. ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ.

ಈ ಕೊರತೆಯನ್ನು ಕಂಡು, ಅದನ್ನು ನೀಗಲು ದುಡಿದವರಲ್ಲಿ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಮುಖರು. 1903ರಲ್ಲಿ ಮಂಗಳೂರಿನಲ್ಲಿ ಜನಿಸಿದ ಅವರು ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆಯನ್ನು ಕಂಡವರು. 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಅವರು ದೇಶದ ಹಳ್ಳಿಹಳ್ಳಿಗಳನ್ನು ಸುತ್ತಿ, ಅಳಿವಿನ ಅಂಚಿನಲ್ಲಿದ್ದ ಕಸುಬುಗಳನ್ನು ಗುರುತಿಸಿ, ಅವುಗಳಿಗೆ ಮಾರುಕಟ್ಟೆಯನ್ನೂ ಮನ್ನಣೆಯನ್ನೂ ಒದಗಿಸಲು ಶ್ರಮಿಸಿದರು. ಕುಶಲಕರ್ಮಿಗೆ ಬೇಕಾದುದು ಕನಿಕರವಲ್ಲ, ಅವನ ಕೆಲಸಕ್ಕೆ ತಕ್ಕ ಬೆಲೆ ಎಂಬುದನ್ನು ಅವರ ಬಾಳಿನ ದುಡಿಮೆ ನಮಗೆ ತಿಳಿಸುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಯಂತ್ರವನ್ನು ನಿಂದಿಸಿದಂತೆ ಯಾರೂ ಭಾವಿಸಬಾರದು. ಯಂತ್ರವು ಅಗ್ಗದ ಬಟ್ಟೆಯನ್ನು ಬಡವನ ಮೈಗೆ ತಂದಿತು. ಬೆನ್ನು ಮುರಿಯುವ ಎಷ್ಟೋ ದುಡಿಮೆಯಿಂದ ಮನುಷ್ಯನನ್ನು ಬಿಡಿಸಿತು. ಯಂತ್ರವನ್ನು ಕಲ್ಪಿಸಿದ್ದೂ ಮನುಷ್ಯನ ಬುದ್ಧಿಯೇ, ಜೋಡಿಸಿದ್ದೂ ಅವನ ಕೈಯೇ. ಆದರೆ ಯಂತ್ರ ಮಾಡಿದ ಸಾವಿರ ಹೂಜಿಗಳು ಒಂದರಂತೆ ಒಂದು ಇರುತ್ತವೆ. ಕುಂಬಾರನ ತಿಗರಿಯಿಂದ ಇಳಿದ ಎರಡು ಮಡಕೆಗಳು ಅಣ್ಣತಮ್ಮಂದಿರಂತಿರುತ್ತವೆ. ಹೋಲಿಕೆ ಇದ್ದರೂ ಒಂದು ಇನ್ನೊಂದಲ್ಲ. ಮಡಕೆಯ ಒಳಗೆ ಕೈಯಾಡಿಸಿದರೆ ಅವನ ಬೆರಳು ಸುತ್ತಿದ ಸಾಲುಗಳು ನಮ್ಮ ಬೆರಳಿಗೆ ತಾಗುತ್ತವೆ. ನಾವು ಎಂದೂ ನೋಡದ ಒಬ್ಬ ಮನುಷ್ಯನ ಕೈಯನ್ನು ಆಗ ನಾವು ಮುಟ್ಟಿದಂತೆಯೇ ಸರಿ.

ಫ್ರಾನ್ಸ್ ದೇಶದ ಶಿಲ್ಪಿ ರೋಡಿನ್ ಎಂಬವನು 1908ರಲ್ಲಿ ರಚಿಸಿದ ಒಂದು ಶಿಲ್ಪವಿದೆ. ಅದರಲ್ಲಿರುವುದು ಮೇಲಕ್ಕೆತ್ತಿದ ಎರಡು ಕೈಗಳು ಮಾತ್ರ. ಬೆರಳ ತುದಿಗಳು ಒಂದರ ಬಳಿಗೊಂದು ಬಾಗಿ, ನಡುವೆ ಗುಡಿಯಂಥ ಅವಕಾಶವೊಂದು ಏರ್ಪಟ್ಟಿದೆ. ಇಗರ್ಜಿಯ ಹೆಸರನ್ನೇ ಆ ಶಿಲ್ಪಕ್ಕೆ ಇಡಲಾಗಿದೆ. ಮೊದಲ ನೋಟಕ್ಕೆ ಯಾರೋ ಒಬ್ಬರು ಪ್ರಾರ್ಥಿಸುತ್ತಿರುವಂತೆ ತೋರುತ್ತದೆ. ಸ್ವಲ್ಪ ನಿಂತು ನೋಡಿದರೆ ಎರಡೂ ಬಲಗೈಗಳೆಂಬುದು ತಿಳಿಯುತ್ತದೆ. ಎಂದರೆ ಅವು ಇಬ್ಬರು ಮನುಷ್ಯರ ಕೈಗಳು. ಒಬ್ಬನೇ ಎಷ್ಟು ಯತ್ನಿಸಿದರೂ ಆ ಗುಡಿಯನ್ನು ಕಟ್ಟಲಾರ.

ಕೈಗೆಲಸದ ಎಲ್ಲ ವಸ್ತುಗಳಲ್ಲಿಯೂ ಹೀಗೆ ಎರಡು ಕೈಗಳಿವೆ: ಮಾಡಿ ಕೊಟ್ಟದ್ದೊಂದು, ಪಡೆದು ಉಪಯೋಗಿಸುವುದೊಂದು. ಮಾಡುವವನಲ್ಲಿ ಶ್ರದ್ಧೆ ಇರಬೇಕು. ಪಡೆಯುವವನಲ್ಲಿ ಅದನ್ನು ಗುರುತಿಸುವ ಕಣ್ಣೂ, ಅದಕ್ಕೆ ಸಲ್ಲಬೇಕಾದುದನ್ನು ಸಲ್ಲಿಸುವ ಮನಸ್ಸೂ ಇರಬೇಕು. ನಮ್ಮಲ್ಲಿ ಹೆಚ್ಚಿನವರು ಶಿಲ್ಪಿಗಳಾಗಲಿ ಚಿತ್ರಕಾರರಾಗಲಿ ಆಗುವುದಿಲ್ಲ. ಆದರೆ ಪುಸ್ತಕಕ್ಕೆ ರಟ್ಟು ಹಾಕುವುದರಿಂದ ಮೊದಲುಗೊಂಡು ಹೊಲದ ಬದುವನ್ನು ಕಟ್ಟುವವರೆಗೆ ಯಾವ ಕೆಲಸದಲ್ಲಿಯೂ ನಮ್ಮ ಕೈಯ ಗುರುತು ಉಳಿಯದೆ ಇರುವುದಿಲ್ಲ. ಅದನ್ನು ಮುಂದೆ ಯಾರು ನೋಡುವರೋ ನಮಗೆ ತಿಳಿಯದು. ನೋಡಿದವರು, ಈ ಕೆಲಸವನ್ನು ಮಾಡಿದವರು ಮನಸ್ಸಿಟ್ಟು ಮಾಡಿದ್ದಾರೆಂದು ಹೇಳಿದರೆ ಅಷ್ಟು ಸಾಕು.

ಅಭ್ಯಾಸ

ಪದಗಳ ಅರ್ಥ

ಐತಿಹ್ಯ – ಬಾಯಿಂದ ಬಾಯಿಗೆ ಬಂದ ಕಥೆ
ಕಣ – ಕುಪ್ಪಸಕ್ಕಾಗಿ ಕತ್ತರಿಸಿದ ಬಟ್ಟೆ
ಕರ್ತೃ – ಮಾಡಿದವನು
ಕುಲಾವಿ – ಮಗುವಿನ ಟೋಪಿ
ತಿಗರಿ – ಕುಂಬಾರನ ಚಕ್ರ
ಪ್ರಾಕಾರ – ದೇವಾಲಯದ ಸುತ್ತಣ ಗೋಡೆಯ ಒಳಗಿನ ಆವರಣ
ಮದನಿಕೆ – ದೇವಾಲಯದ ಕಂಬದ ಮೇಲ್ತುದಿಯಲ್ಲಿ ನಿಲ್ಲಿಸಿದ ಸುಂದರ ಸ್ತ್ರೀವಿಗ್ರಹ

ಅ. ಒಂದು ವಾಕ್ಯದಲ್ಲಿ ಉತ್ತರಿಸಿರಿ.

1. ಅರ್ಜೆಂಟೀನದ ಗುಹೆಯಲ್ಲಿ ಎಡಗೈಗಳ ಗುರುತುಗಳೇ ಹೆಚ್ಚಾಗಿರಲು ಕಾರಣವೇನು?
2. ಕಸೂತಿಯ ನಾಲ್ಕು ಹೊಲಿಗೆಗಳು ಯಾವುವು?
3. ಬಿದರಿಯ ಪಾತ್ರೆಯನ್ನು ಕಪ್ಪಾಗಿಸಲು ಏನನ್ನು ಬಳಸುತ್ತಾರೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.

1. ಗವಂತಿ ಹೊಲಿಗೆಯ ರೀತಿಯನ್ನು ವಿವರಿಸಿ, ಲೇಖಕರು ಅದರಲ್ಲಿ ಕಂಡ ನೀತಿಯನ್ನು ತಿಳಿಸಿರಿ.
2. ಜಕಣಾಚಾರಿಯ ಕಥೆಯಲ್ಲಿ ಲೇಖಕರು ಜನರನ್ನು ಏಕೆ ಹೆಚ್ಚಾಗಿ ಮೆಚ್ಚುತ್ತಾರೆ?
3. ರಂಗೋಲಿಯ ಕಲೆಗೂ ಹೊಯ್ಸಳ ಶಿಲ್ಪಿಗಳ ಕಲೆಗೂ ಇರುವ ವ್ಯತ್ಯಾಸವೇನು?

ಇ. ಸಂದರ್ಭದೊಡನೆ ವಿವರಿಸಿರಿ.

1. “ಹೊಗಳಿಕೆಯಿಂದ ಒಲೆ ಉರಿಯುವುದಿಲ್ಲ.”
2. “ಒಬ್ಬನೇ ಎಷ್ಟು ಯತ್ನಿಸಿದರೂ ಆ ಗುಡಿಯನ್ನು ಕಟ್ಟಲಾರ.”

ಈ. ನಿಮ್ಮ ಊರಿನ ಕುಶಲಕರ್ಮಿಯೊಬ್ಬರನ್ನು ಕಂಡು, ಅವರ ಕೆಲಸದ ಹಂತಗಳನ್ನು ಕೇಳಿ ತಿಳಿದು, ಒಂದು ಪುಟದಷ್ಟು ಬರೆಯಿರಿ.